ಚೊಗರು ಹತ್ತಿದ ಬಟ್ಟೆ

"ನೀನು ತೊಟ್ಟಿಲಿಗೆ ಕೈ ಹಚ್ಚಬ್ಯಾಡ ಮಮತಾ. ಬರೀ ಹೆಣ್ಣು ಹೆತ್ತ ಕೈ ಅದು. ಅತ್ತಾಗ ಹೋಗಿ ಉಂಡ ಎಲೆ ಎತ್ತು, ಹೋಗು."

ನನ್ನ ಅಕ್ಕನಿಗೆ ಹೀಗೆ ಹೇಳಿದವಳು ಅವಳ ಅತ್ತೆ ಉಡಚಮ್ಮ. ಹೇಳಿದ್ದು ಒಲೆಯ ಮುಂದೆ ಪಿಸುದನಿಯಲ್ಲಿ ಅಲ್ಲ. ನಡುಮನೆಯಲ್ಲಿ, ಬೀಗರು ನೆಂಟರು ಊರವರು ಸೇರಿ ನಲವತ್ತು ಜನರ ಮುಂದೆ. ಅಕ್ಕನ ಮೈದುನನಿಗೆ ಗಂಡು ಹುಟ್ಟಿತ್ತು. ಅವತ್ತು ಹೆಸರಿಡುವ ಶಾಸ್ತ್ರ. ಐದು ಜನ ಮುತ್ತೈದೆಯರು ತೊಟ್ಟಿಲು ತೂಗಬೇಕಿತ್ತು. ಅಕ್ಕ ಐದನೆಯವಳಾಗಿ ಕೈ ಮುಂದೆ ಮಾಡಿದ್ದಳು. ಆ ಕೈ ಹಾಗೇ ನಿಂತಿತು.

"ಯಾಕೆ ಉಡಚಕ್ಕ, ನೀನೂ ಹೆಣ್ಣೇ ಅಲ್ಲೇನು," ಎಂದು ಯಾರೋ ಒಬ್ಬಳು ನಗೆಯಾಡಿದಳು.

"ಹೆಣ್ಣೇ ಕಣೇ. ಗಂಡು ಹೆತ್ತ ಹೆಣ್ಣು," ಎಂದಳು ಉಡಚಮ್ಮ.

ಎಲ್ಲರೂ ನಕ್ಕರು. ನನ್ನ ಭಾವ ತಿಪ್ಪೇರುದ್ರ ಸಾರಿನ ಬಕೆಟ್ ಹಿಡಿದು ಪಂಕ್ತಿಯಲ್ಲಿ ಬಡಿಸುತ್ತಿದ್ದ. ಅವನಿಗೂ ಕೇಳಿಸಿತು. ಕೇಳಿಸಿತು ಎನ್ನುವುದು ನನಗೆ ಗೊತ್ತು, ಯಾಕೆಂದರೆ ಅವನ ಸೌಟು ಒಂದು ಗಳಿಗೆ ನಿಂತಿತು. ಆಮೇಲೆ ಮುಂದಿನ ಎಲೆಗೆ ಬಗ್ಗಿ, "ಇನ್ನೊಂದೀಟು ಹಾಕ್ಲಾ ಮಾವ," ಎಂದ.

ನಾನು ಕಲಸಿದ ಅನ್ನ ಬಿಟ್ಟು ಎದ್ದೆ. ಪಕ್ಕದಲ್ಲಿ ಕೂತಿದ್ದ ಅಪ್ಪ ನನ್ನ ಅಂಗಿಯ ಚುಂಗು ಹಿಡಿದು ಜಗ್ಗಿದ. "ಹೆಣ್ಣು ಕೊಟ್ಟ ಮನೆ ಕಣಲೇ ಇದು. ಬಾಯಿ ಮುಚ್ಕೊಂಡು ಉಣ್ಣು," ಎಂದ. ಹೆಣ್ಣು ಕೊಟ್ಟವರು ಬಾಯಿ ಮುಚ್ಚಿಕೊಂಡು ಉಣ್ಣಬೇಕು ಎನ್ನುವುದನ್ನು ಯಾವನು ಬರೆದಿಟ್ಟನೋ. ನಾನು ಉಣ್ಣಲಿಲ್ಲ. ಹಿತ್ತಲಿಗೆ ಹೋದೆ.

ಅಕ್ಕ ಅಲ್ಲಿ ಎಲೆಗಳನ್ನು ತಿಪ್ಪೆಗೆ ಸುರಿದು ಕೈ ತೊಳೆದುಕೊಳ್ಳುತ್ತಿದ್ದಳು. ಅಳುತ್ತಿರಲಿಲ್ಲ. ಅದಕ್ಕೇ ನನಗೆ ಭಯವಾಯಿತು.

"ಕೆಂಚ, ನಿಂಗೆ ಹೇಳಬಾರದು, ನೀನು ತಮ್ಮ," ಎಂದಳು. "ಆದ್ರೆ ಇನ್ಯಾರಿಗೆ ಹೇಳ್ಲಿ. ನಂಗೆ ಇನ್ನೊಂದು ಆಗಬಾರದು ಕಣೋ. ಆದ್ರೆ ನಾನು ಉಳಿಯಲ್ಲ."

ಅದು ಸುಮ್ಮನೆ ಆಡಿದ ಮಾತಲ್ಲ. ಎರಡು ವರ್ಷದ ಹಿಂದೆ ಎರಡನೇ ಮಗು ಹುಟ್ಟಿದಾಗ ಅಕ್ಕನ ರಕ್ತ ನಿಲ್ಲಲೇ ಇಲ್ಲ. ಹಾಸಿಗೆ ನೆನೆದು, ಕೆಳಗಿನ ತಗಡಿನ ಟ್ರೇ ತುಂಬಿ, ದೊಡ್ಡ ಆಸ್ಪತ್ರೆಗೆ ಸಾಗಿಸುವಾಗ ಆಂಬ್ಯುಲೆನ್ಸಿನಲ್ಲಿ ಅವಳ ತುಟಿ ಬೂದಿಯ ಬಣ್ಣಕ್ಕೆ ತಿರುಗಿತ್ತು. ಮೂರು ಬಾಟಲಿ ರಕ್ತ ಕೊಟ್ಟರು. ಅದರಲ್ಲಿ ಒಂದು ನನ್ನದು. ಡಾಕ್ಟರಮ್ಮ ಭಾವನನ್ನೂ ನನ್ನನ್ನೂ ಎದುರಿಗೆ ನಿಲ್ಲಿಸಿಕೊಂಡು, "ಈ ಮೈಯಲ್ಲಿ ಇನ್ನೊಂದು ಬಸಿರು ತಡೆಯೋ ಶಕ್ತಿ ಇಲ್ಲ, ನೆನಪಿರಲಿ," ಎಂದಿದ್ದರು. ಭಾವ ತಲೆಯಾಡಿಸಿದ್ದ. ತಲೆಯಾಡಿಸುವುದರಲ್ಲಿ ಅವನನ್ನು ಮೀರಿಸಿದವರಿಲ್ಲ.

ಆಮೇಲೆ ಏನೇನಾಯಿತು ಎನ್ನುವುದನ್ನು ಅಕ್ಕ ಅವತ್ತು ಹಿತ್ತಲಲ್ಲಿ ಪಾತ್ರೆ ಉಜ್ಜುತ್ತ ಹೇಳಿದಳು. ಆಪರೇಷನ್ ಅಂದರೆ ಮನೆಯಲ್ಲಿ ಒಲೆ ಹೊತ್ತುತ್ತಿರಲಿಲ್ಲ. ಗಂಡಿಲ್ಲದೆ ಆಪರೇಷನ್ ಮಾಡಿಸಿದರೆ ಮನೆತನ ಆರಿಹೋದ ಹಾಗೆ ಎಂದು ಉಡಚಮ್ಮ ಎರಡು ದಿನ ಊಟ ಬಿಟ್ಟಿದ್ದಳಂತೆ. ಹೆರಿಗೆಯಾದ ಮೂರನೇ ತಿಂಗಳು ಆಸ್ಪತ್ರೆಯವರು ವಂಕಿ ಹಾಕಿದ್ದರು, ಅದೇ ಕಾಪರ್-ಟಿ. ಮೊದಲೇ ರಕ್ತ ಕಮ್ಮಿ, ವಂಕಿಯಿಂದ ಮುಟ್ಟಿನಲ್ಲಿ ಇನ್ನೂ ಜಾಸ್ತಿ ಹೋಗತೊಡಗಿತು. ಅಷ್ಟರಲ್ಲಿ ಯಾರೋ ಬಂದು ವಂಕಿ ಎದೆಗೇರಿ ಸತ್ತ ಹೆಂಗಸಿನ ಕಥೆ ಹೇಳಿದಳು. ಅತ್ತೆಯೇ ಎದುರು ನಿಂತು ತೆಗೆಸಿದಳು. ಮಾತ್ರೆ ತಂದು ರಾಗಿ ಡಬ್ಬಿಯಲ್ಲಿ ಹುದುಗಿಸಿಟ್ಟರೆ, ಹಿಟ್ಟಿಗೆ ರಾಗಿ ಅಳೆಯುವಾಗ ಮೊರಕ್ಕೆ ಬಿತ್ತು. ನಿರೋಧ್ ಮಾತು ತೆಗೆದರೆ ಭಾವ, "ಅವೆಲ್ಲ ಹೊರಗೆ ಹೋಗೋ ಗಂಡಸರಿಗೆ. ನಾನೇನು ಅಂಥೋನೇನೇ," ಎಂದು ಮುಖ ತಿರುಗಿಸಿ ಮಲಗಿದನಂತೆ.

ಇದನ್ನೆಲ್ಲ ತಮ್ಮನ ಮುಂದೆ ಹೇಳುವಾಗ ಅಕ್ಕನ ಕಣ್ಣು ಪಾತ್ರೆಯ ಮೇಲೆಯೇ ಇತ್ತು. ನನ್ನ ಕಣ್ಣು ಬೇಲಿಯ ಮೇಲೆ. ಕಿವಿ ಮಾತ್ರ ಸುಡುತ್ತಿತ್ತು.

ನನ್ನದು ಸಂತೇಬೆನ್ನೂರಿನ ಪಕ್ಕದ ಊರು. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟವನು. ಸುಗ್ಗಿಯಲ್ಲಿ ಮೆಕ್ಕೆಜೋಳ ಒಕ್ಕುವ ಮಷಿನ್ ಜೊತೆ ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಸುತ್ತುತ್ತೇನೆ. ಉಳಿದ ದಿನ ಗುರುಬಸವರಾಜ್ ಅವರ ಅಡಿಕೆ ಮನೆಯಲ್ಲಿ ಕೆಲಸ. ಅಕ್ಕನನ್ನು ಕೊಟ್ಟಿದ್ದು ಜಗಳೂರಿನ ಆಚೆಗೆ. ಅಲ್ಲಿನ ಆಶಾ ಕಾರ್ಯಕರ್ತೆ ಉಡಚಮ್ಮನ ತಂಗಿಯ ಸೊಸೆ. ಅವಳ ಹತ್ತಿರ ಒಂದು ಜ್ವರದ ಮಾತ್ರೆ ಕೇಳಿದರೂ ಸಂಜೆಯೊಳಗೆ ಅತ್ತೆಯ ಕಿವಿಗೆ ಬೀಳುತ್ತಿತ್ತು. ಆದ್ದರಿಂದ ನಾನು ನಮ್ಮೂರಿನ ಆಶಾ ಚೌಡಕ್ಕನನ್ನು ಕೇಳಿದೆ. ಕೇಳುವಾಗ ನೆಲ ನೋಡಿಕೊಂಡು ಕೇಳಿದೆ.

ಚೌಡಕ್ಕ ನಗಲಿಲ್ಲ. "ಹದಿನೈದು ವರ್ಸದಿಂದ ಈ ಕೆಲಸ ಮಾಡ್ತೀನಿ ಕಣಪ್ಪ," ಎಂದಳು. "ಚಾರ್ಟ್ ಹಿಡ್ಕೊಂಡು ಹೋಗಿ ಇದು ಹಿಂಗೆ, ಅದು ಹಂಗೆ ಅಂತ ಹೇಳ್ತೀನಿ. ಯಾವುದು ಒಳ್ಳೇದು ಅಂತ ಒಬ್ಬ ಹೆಣ್ಮಗಳೂ ಕೇಳಲ್ಲ. ಯಾವುದನ್ನ ಬಚ್ಚಿಡಾಕೆ ಆಗ್ತೈತೆ ಅಂತ ಕೇಳ್ತಾರೆ. ಸೂಜಿ ಹಾಕ್ಸಾಣ ಬಿಡು. ಮೂರು ತಿಂಗಳಿಗೊಂದು. ಚುಚ್ಚಿದ್ದು ಯಾರಿಗೂ ಕಾಣಲ್ಲ. ಕಾರ್ಡ್ ನನ್ನ ಹತ್ರಾನೇ ಇಟ್ಕೊಂತೀನಿ."

ಮೂರು ತಿಂಗಳಿಗೊಮ್ಮೆ ಅಕ್ಕ ತವರಿಗೆ ಬರಬೇಕು. ನೆಪ ಬೇಕು. ನಾನು ಕ್ಯಾಲೆಂಡರ್ ಕೆಳಗಿಳಿಸಿಕೊಂಡು ಕೂತೆ. ಯುಗಾದಿಗೆ ಒಂದು, ಕಾರಹುಣ್ಣಿಮೆಗೆ ಒಂದು, ಗೌರಿ ಹಬ್ಬಕ್ಕೆ ಒಂದು. ಹಬ್ಬಗಳನ್ನು ಮಾಡಿದವರು ನಮ್ಮ ಅಕ್ಕನ ಸಲುವಾಗಿಯೇ ಲೆಕ್ಕ ಹಾಕಿ ಮಾಡಿದ್ದಾರೇನೋ ಅನ್ನುವಷ್ಟು ಸರಿಯಾಗಿ ಹೊಂದಿತು. ಯುಗಾದಿಯ ಮಾರನೇ ದಿನ ಬೈಕಿನ ಹಿಂದೆ ಕೂರಿಸಿಕೊಂಡು ಆರೋಗ್ಯ ಕೇಂದ್ರಕ್ಕೆ ಕರೆದೊಯ್ದೆ. ಚೌಡಕ್ಕ ಒಳಗೆ ಕರೆದೊಯ್ದಳು. ಹತ್ತು ನಿಮಿಷದಲ್ಲಿ ಅಕ್ಕ ತೋಳು ನೀವಿಕೊಳ್ಳುತ್ತ ಹೊರಗೆ ಬಂದಳು. ಬರುವ ದಾರಿಯಲ್ಲಿ, "ಕಬ್ಬಿನ ಹಾಲು ಕುಡಿಸೋ," ಎಂದಳು. ಮದುವೆಯಾದ ಮೇಲೆ ಅವಳು ನನ್ನ ಹತ್ತಿರ ಏನನ್ನಾದರೂ ಕೇಳಿದ್ದು ಅದೇ ಮೊದಲು. ಎರಡು ಲೋಟ ಕುಡಿದಳು.

ಮೊದಲ ಮೂರು ತಿಂಗಳು ಮೈ ಹದಕ್ಕೆ ಬರಲಿಲ್ಲ. ಹನಿ ಹನಿ ಹೋಗುತ್ತಲೇ ಇತ್ತು. ಅದು ಹಾಗೆಯೇ ಎಂದು ಚೌಡಕ್ಕ ಮೊದಲೇ ಹೇಳಿದ್ದಳು. ಆದರೆ ಅಕ್ಕನ ಮನೆಯ ಪದ್ಧತಿ ಚೌಡಕ್ಕನಿಗೆ ಗೊತ್ತಿರಲಿಲ್ಲ. ಅಲ್ಲಿ ಮುಟ್ಟಾದವರು ಮೂರು ದಿನ ಮನೆಯೊಳಗೆ ಬರುವ ಹಾಗಿಲ್ಲ. ಕೊಟ್ಟಿಗೆಯ ಪಕ್ಕದ ತಗಡಿನ ಚಪ್ಪರದಲ್ಲಿ ಕೂರಬೇಕು. ಅತ್ತೆ ಮೇಲಿನಿಂದ ಅನ್ನ ಬಡಿಸುತ್ತಾಳೆ. ನಾಲ್ಕನೇ ದಿನ ತಲೆಗೆ ನೀರು ಹಾಕಿಕೊಂಡು ಒಳಗೆ. ಮನೆಯ ಯಾವ ಹೆಣ್ಣು ಯಾವ ದಿನ ಹೊರಗಾಗಬೇಕು ಎನ್ನುವುದು ಉಡಚಮ್ಮನ ಬೆರಳ ತುದಿಯಲ್ಲಿ. ಒಮ್ಮೆ ಅಕ್ಕ ಹನ್ನೆರಡು ದಿನ ಚಪ್ಪರದಲ್ಲಿ ಕೂತಳು. "ಕೆಲಸ ತಪ್ಪಿಸ್ಕೊಳ್ಳಾಕೆ ಒಳ್ಳೆ ರೋಗ ಹಿಡೀತು," ಎಂದು ಅತ್ತೆ ಬೈದಳು. ಬೈದರೂ ಅನುಮಾನ ಬರಲಿಲ್ಲ.

ಕಾರಹುಣ್ಣಿಮೆಯ ಸೂಜಿ ಆದ ಮೇಲೆ ಮುಟ್ಟು ಪೂರ್ತಿ ನಿಂತುಹೋಯಿತು.

"ನಿಂತ್ರೆ ಒಳ್ಳೇದೇ," ಎಂದಳು ಚೌಡಕ್ಕ. "ಇರೋ ರಕ್ತ ಮೈಯಾಗೆ ಉಳೀತೈತೆ." ಮೈಗೆ ಒಳ್ಳೆಯದೇ. ಮನೆಗೆ ಒಳ್ಳೆಯದಲ್ಲ. ಅಕ್ಕ ಹೊರಗಾಗದೆ ನಲವತ್ತು ದಿನ ಕಳೆದಾಗ ಉಡಚಮ್ಮನ ಮಾತಿನ ಧಾಟಿ ಬದಲಾಯಿತು. ನೀರು ಹೊರಬೇಡ ಎಂದಳು. ಹುಣಸೆಹಣ್ಣು ಬೇಕೇನೇ ಎಂದಳು. ಮೊದಲ ಸಲ ತನ್ನ ತಟ್ಟೆಯ ಮೊಟ್ಟೆಯನ್ನು ಅಕ್ಕನ ತಟ್ಟೆಗೆ ಹಾಕಿದಳಂತೆ. ಅಕ್ಕ ಫೋನ್ ಮಾಡಿ ಅತ್ತಳು.

"ಗಂಡಾದ್ರೆ ಬೆಳ್ಳಿ ಕಣ್ಣು ಮಾಡಿಸ್ತೀನಿ ಅಂತ ಅಮ್ಮನಿಗೆ ಹರಕೆ ಹೊತ್ತಾಳೆ ಕಣೋ. ಈಗ ಏನು ಮಾಡ್ಲಿ."

"ಹೊರಗಾಗು," ಎಂದೆ ನಾನು.

"ಹೆಂಗಾಗ್ಲಿ. ಏನೂ ಇಲ್ಲ."

"ಸುಳ್ಳೇ ಕುಂದ್ರು."

"ಬಟ್ಟೆ ನೋಡ್ತಾಳೆ. ತೊಳೆಯೋವಾಗ ಕಲ್ಲಿನ ಹತ್ರಾನೇ ನಿಂದ್ರುತಾಳೆ."

ಆ ಮನೆಯಲ್ಲಿ ಪ್ಯಾಡ್ ಇಲ್ಲ. ನಾಯಿ ಎಳೆದು ಊರ ತುಂಬ ಚೆಲ್ಲುತ್ತವೆ ಎಂದು ಉಡಚಮ್ಮ ಬಿಡುವುದಿಲ್ಲ. ಹಳೇ ಸೀರೆಯ ಬಟ್ಟೆಯೇ ಆಗಬೇಕು. ನಾನು ಫೋನ್ ಹಿಡಿದುಕೊಂಡು ಅಡಿಕೆ ಮನೆಯ ಬಾಗಿಲಲ್ಲಿ ನಿಂತಿದ್ದೆ. ಎದುರಿಗೆ ಕಳೆದ ಸುಗ್ಗಿಯ ಚೊಗರಿನ ಡ್ರಮ್ ಇತ್ತು.

ಅಡಿಕೆ ಬೇಯಿಸಿದ ನೀರನ್ನು ಮತ್ತೆ ಮತ್ತೆ ಕಾಯಿಸಿದರೆ ಉಳಿಯುವ ಗಟ್ಟಿ ಕೆಂಪು ರಸ ಚೊಗರು. ಅಡಿಕೆಗೆ ಬಣ್ಣ ಹಿಡಿಸಲು ಅದನ್ನೇ ಹಚ್ಚುತ್ತಾರೆ. ಬೆರಳು ಅದ್ದಿ ನೋಡಿದೆ. ಒಣಗುತ್ತಿದ್ದಂತೆ ಥೇಟ್ ರಕ್ತದ ಬಣ್ಣ. ಜಗಳೂರಿನ ಆ ಒಣ ಸೀಮೆಯಲ್ಲಿ ಅಡಿಕೆ ಅಂದರೆ ಎಲೆಯ ಜೊತೆ ಬಾಯಿಗೆ ಹಾಕುವ ಹೋಳು ಅಷ್ಟೇ. ಚೊಗರನ್ನು ಅಲ್ಲಿ ಯಾರೂ ಕಣ್ಣಿಂದ ಕಂಡವರಲ್ಲ. ಒಂದು ಔಷಧಿ ಬಾಟಲಿಗೆ ತುಂಬಿಕೊಂಡು, ಮೇಲೆ ಕೆಮ್ಮಿನ ಸಿರಪ್ಪಿನ ಚೀಟಿ ಇರುವ ಹಾಗೆಯೇ ಬಿಟ್ಟು, ಮಾರನೇ ದಿನ ಜಗಳೂರಿಗೆ ಹೋದೆ. ಅಕ್ಕನ ಮಕ್ಕಳಿಗೆ ಬಿಸ್ಕತ್ತು, ಅಕ್ಕನಿಗೆ ಸಿರಪ್ಪು.

"ಕೈಗೆ ಹತ್ತಿಸ್ಕೋಬ್ಯಾಡ," ಎಂದು ಎಚ್ಚರಿಸಿದೆ. "ಹದಿನೈದು ದಿನ ಹೋಗಲ್ಲ. ಕಡ್ಡಿಯಿಂದ ಹಚ್ಚು."

ಕೈಯ ಬಗ್ಗೆ ಅಷ್ಟು ಯೋಚಿಸಿದವನು ಬಟ್ಟೆಯ ಬಗ್ಗೆ ಯೋಚಿಸಲಿಲ್ಲ. ಹೆಂಗಸರ ಬಟ್ಟೆ ಒಗೆದವನಾಗಿದ್ದರೆ ಯೋಚಿಸುತ್ತಿದ್ದೆನೇನೋ. ರಕ್ತದ ಕಲೆ ತಣ್ಣೀರಲ್ಲಿ ಉಜ್ಜಿದರೆ ಮಾಸುತ್ತದೆ, ನಾಲ್ಕು ಬಿಸಿಲಿಗೆ ಹೋಗುತ್ತದೆ. ಚೊಗರು ಹೋಗುವುದಿಲ್ಲ. ಬಟ್ಟೆ ಹರಿದು ಚಿಂದಿಯಾದರೂ ಅದು ಅಲ್ಲೇ ಇರುತ್ತದೆ.

ಅಕ್ಕ ಆ ವಾರವೇ ಹೊರಗಾದಳು. ಉಡಚಮ್ಮ ಹೂತಿಟ್ಟ ಮಗುವಿಗೆ ಅತ್ತ ಹಾಗೆ ಅತ್ತಳಂತೆ. ನನಗೆ ಅದನ್ನು ಕೇಳಿ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. ಆಮೇಲೆ ತಿಂಗಳು ತಿಂಗಳು ಅಕ್ಕ ಚಪ್ಪರದಲ್ಲಿ ಕೂತಳು. ಮೂರು ದಿನ ಏನೂ ಇಲ್ಲದೆ, ಮೈಲಿಗೆಯವಳ ಹಾಗೆ, ದೂರದಿಂದ ಎಸೆದ ರೊಟ್ಟಿ ತಿಂದುಕೊಂಡು.

"ಒಂದು ಥರ ಆರಾಮೈತೆ ಕಣೋ," ಎಂದಳು ಒಮ್ಮೆ ಫೋನಿನಲ್ಲಿ. "ಮೂರು ದಿನ ಯಾರೂ ಮುಟ್ಟಲ್ಲ."

ನಾನು ಫೋನ್ ಇಟ್ಟೆ.

ಗೌರಿ ಹಬ್ಬದ ಸೂಜಿಯೂ ಆಯಿತು. ಆಗ ನನಗೆ ಇನ್ನೊಂದು ಬುದ್ಧಿ ಹೊಳೆಯಿತು. ಭಾವನಿಗೆ ಅವನೂರಿನಲ್ಲಿ ಸರಿಯಾಗಿ ಕೂಲಿ ಇರಲಿಲ್ಲ. ಅವನು ಮನೆಯಲ್ಲಿ ಇಲ್ಲದಿದ್ದರೆ ಅಕ್ಕನಿಗೆ ಇನ್ನೂ ಸುರಕ್ಷಿತ. ಗುರುಬಸವರಾಜ್ ಅವರಿಗೆ ಹೇಳಿ ಅಡಿಕೆ ಬೇಯಿಸುವ ಕೆಲಸಕ್ಕೆ ಅವನನ್ನು ಸೇರಿಸಿದೆ. ಹಂಡೆಯ ಮುಂದೆ ನಿಂತು ಅಡಿಕೆ ತೆಗೆಯುವುದು, ಚೊಗರು ಕಾಯಿಸುವುದು, ಅಲ್ಲೇ ಶೆಡ್ಡಿನಲ್ಲಿ ಮಲಗುವುದು. ಭಾವ ಖುಷಿಯಿಂದ ಬಂದ. ನನ್ನ ಭುಜ ತಟ್ಟಿ, "ನೀನಿಲ್ಲದಿದ್ರೆ ನನಗೆ ಯಾರಪ್ಪ," ಎಂದ. ಅವನು ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಹೊಡೆದು ಮುಗಿಸಬಹುದಿತ್ತು.

ನಾನು ಇಷ್ಟು ದಡ್ಡ ಹೇಗಾದೆ ಎಂದು ಈಗಲೂ ಹಲ್ಲು ಕಡಿಯುತ್ತೇನೆ. ಬಾಟಲಿಯಲ್ಲಿ ಬಚ್ಚಿಟ್ಟು ಕಳಿಸಿದ ಗುಟ್ಟನ್ನು ಅವನ ಎರಡು ಕೈಗೂ ಬಳಿದು ಅದೇ ಮನೆಗೆ ಕಳಿಸಿದವನು ನಾನೇ.

ದೀಪಾವಳಿಗೆ ಭಾವ ಊರಿಗೆ ಹೋದ. ಕೈಗಳು ಮೊಣಕೈವರೆಗೆ ಕರಿಗೆಂಪಾಗಿದ್ದವು. ನೀರು ತುಂಬುವ ಹಬ್ಬ. ಮಗನ ಕೈಗೆ ಉಡಚಮ್ಮ ಹುಣಸೆಹಣ್ಣು ಹಾಕಿ ತಿಕ್ಕಿದಳು, ಬೂದಿ ಹಾಕಿ ತಿಕ್ಕಿದಳು. ಹೋಗಲಿಲ್ಲ.

"ಬಿಡವ್ವ, ಅದು ಚೊಗರು," ಎಂದ ಭಾವ. "ಅಡಿಕೆ ನೀರು. ಬಟ್ಟೆಗೆ ಬಿದ್ರಂತೂ ಸಾಯೋಗಂಟ ಹೋಗಲ್ಲ. ನೋಡು ಈ ಲುಂಗಿ."

ಉಡಚಮ್ಮ ಲುಂಗಿ ನೋಡಿದಳು. ತಿಕ್ಕುವುದನ್ನು ನಿಲ್ಲಿಸಿದಳು. ಎದ್ದು ಹೋಗಿ ಚಪ್ಪರದ ಗಳುವಿನಲ್ಲಿ ಸಿಕ್ಕಿಸಿದ್ದ ಅಕ್ಕನ ಬಟ್ಟೆಗಳನ್ನು ತಂದು ಮಗನ ಲುಂಗಿಯ ಪಕ್ಕದಲ್ಲಿ ಹಾಸಿದಳು. ನಾಲ್ಕು ತಿಂಗಳಿಂದ ಎಷ್ಟು ಒಗೆದರೂ ಹೋಗದ ಕಲೆ ಯಾಕೆ ಎಂದು ಅವಳಿಗೆ ಆಗಲೇ ಒಳಗೊಳಗೇ ಕೊರೆಯುತ್ತಿತ್ತಂತೆ. ಯಾರೋ ಮಾಟ ಮಾಡಿಸಿದ್ದಾರೆ ಅಂದುಕೊಂಡಿದ್ದಳಂತೆ. ಅಕ್ಕನನ್ನು ಎದುರಿಗೆ ಕೂರಿಸಿಕೊಂಡು ಬಾಟಲಿಯನ್ನೂ ಸೂಜಿಯ ಸುದ್ದಿಯನ್ನೂ ಹೊರಗೆ ತೆಗೆಸಿದಳು.

ನಾನು ಆಗ ನ್ಯಾಮತಿ ಕಡೆ, ಸೂರಗೊಂಡನಕೊಪ್ಪದ ಹತ್ತಿರದ ಕಣವೊಂದರಲ್ಲಿ ಮಷಿನ್ ಮೇಲೆ ನಿಂತು ತೆನೆ ತಳ್ಳುತ್ತಿದ್ದೆ. ಅಕ್ಕನ ನಂಬರಿನಿಂದ ಫೋನ್ ಬಂತು. ಮಾತಾಡಿದ್ದು ಉಡಚಮ್ಮ. "ಅಪ್ಪನ್ನ ಕರ್ಕೊಂಡು ಬಾ. ನಿನ್ನ ಸಿರಪ್ಪಿನ ಬಾಟ್ಲಿ ಇಲ್ಲೇ ಐತೆ," ಎಂದಳು.

ನಾವು ಹೋದಾಗ ಅವರ ಮನೆಯ ಮುಂದೆ ಜಗಲಿ ತುಂಬ ಜನ. ಅಕ್ಕ ಕಂಬಕ್ಕೆ ಒರಗಿ ಚಿಕ್ಕ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು. ಬಟ್ಟೆಗಳನ್ನು ಎಲ್ಲರಿಗೂ ಕಾಣುವ ಹಾಗೆ ಕಲ್ಲಿನ ಮೇಲೆ ಹರಡಿದ್ದರು. ಹೆಣ್ಣಿನ ಮುಟ್ಟಿನ ಬಟ್ಟೆ ಗಂಡಸರ ಕಣ್ಣಿಗೆ ಬೀಳಬಾರದು ಎಂದು ಮೂರು ದಿನ ಹೊರಗೆ ಕೂರಿಸುವ ಜನ ಅವರು.

"ನಾನು ಇವಳಿಗೆ ಮೇಲಿಂದ ಅನ್ನ ಹಾಕೀನಿ," ಎಂದಳು ಉಡಚಮ್ಮ. ಅವಳು ಕೂಗಲಿಲ್ಲ. "ಆಗಲಿಲ್ವಲ್ಲೇ ತಾಯಿ ಅಂತ ಅತ್ತೀನಿ. ಬಸಿರು ಹೋತು ಅಂತ ನಾನು ಅತ್ರೆ, ಇವಳು ಒಳಗೊಳಗೆ ನಕ್ಕಾಳೆ. ಏಳು ಹೆತ್ತೋಳು ನಾನು. ಮೂರು ಉಳಿದ್ವು. ಅವಾಗ ನನಗೆ ಯಾವ ತಮ್ಮ ಬಂದು ಸೂಜಿ ಹಾಕ್ಸಿದ."

ನಾನೇ ಬಾಯಿ ತೆಗೆದೆ. ಡಾಕ್ಟರಮ್ಮ ಹೇಳಿದ್ದು, ಮೂರು ಬಾಟಲಿ ರಕ್ತ, ಆಂಬ್ಯುಲೆನ್ಸು, ಎಲ್ಲವನ್ನೂ ಹೇಳಿದೆ. ಹೇಳುತ್ತ ಹೇಳುತ್ತ ದನಿ ಏರಿತು. "ನಿಮಗೆ ಸೊಸೆ ಬೇಕಾ, ಗಂಡು ಹೆರೋ ಮಷಿನ್ ಬೇಕಾ," ಎಂದೆ. ಅಪ್ಪ ಎಲ್ಲರೆದುರಿಗೆ ನನ್ನ ಕೆನ್ನೆಗೆ ಬಾರಿಸಿದ. ಅಪ್ಪನ ಹೆಸರು ನಾಗೇಂದ್ರಪ್ಪ. ಊರಲ್ಲಿ ಯಾರಿಗೂ ಕೈ ಎತ್ತಿದವನಲ್ಲ. ಹೆಗಲ ಟವೆಲ್ ತೆಗೆದು ಉಡಚಮ್ಮನ ಮುಂದೆ ಹಾಸಿದ.

"ತಪ್ಪಾತು ತಾಯಿ. ಹುಡುಗ್ರು ತಿಳೀದೆ ಮಾಡ್ಯಾವೆ. ಇನ್ನು ಮ್ಯಾಲೆ ನನ್ನ ಮಗಳು ಸೂಜಿ ಹಾಕ್ಸಿದ್ರೆ ನನ್ನ ಹೆಣ ಎತ್ತಿದ ಹಾಗೆ."

ಆ ಮಾತು ಆಡುವಾಗ ಅವನು ಅಕ್ಕನ ಮುಖ ನೋಡಲಿಲ್ಲ. ನಾನು ಅಕ್ಕನ ಕೈ ಹಿಡಿದು ಎಬ್ಬಿಸಲು ನೋಡಿದೆ. "ನಡಿ ಮನಿಗೆ. ನಾನು ಸಾಕ್ತೀನಿ," ಎಂದೆ.

"ನಾಳೆ ನಿಂಗೆ ಹೆಂಡ್ತಿ ಬರ್ತಾಳೆ ಕೆಂಚ," ಎಂದಳು ಅಕ್ಕ. "ಎರಡು ಹೆಣ್ಣು ಕಟ್ಕೊಂಡು ನಾನು ಎಲ್ಲಿ ಕುಂದ್ರಲಿ. ಬಿಡು." ಕೈ ಬಿಡಿಸಿಕೊಂಡಳು. ಎದ್ದು ಕಲ್ಲಿನ ಮೇಲಿನ ಬಟ್ಟೆಗಳನ್ನು ಒಂದೊಂದಾಗಿ ಮಡಚತೊಡಗಿದಳು.

ಮನೆಗೆ ಬಂದು ಅವ್ವನ ಮುಂದೆ ಕೂಗಾಡಿದೆ. ಅವ್ವ ಒಲೆ ಊದುತ್ತ, "ಒಂದು ಗಂಡು ಅಂತ ಆಗಿಬಿಟ್ರೆ ಅವಳ ಪಾಡು ಬಗೆಹರಿತೈತೆ ಕಣಪ್ಪ. ದೇವರು ಕಣ್ಣು ಬಿಡ್ಲಿ," ಎಂದಳು. ಹೆತ್ತ ತಾಯಿ. ಅವತ್ತಿಂದ ನಾನು ಮನೆಯಲ್ಲಿ ಉಣ್ಣುವುದನ್ನು ಕಮ್ಮಿ ಮಾಡಿದೆ. ಅದರಿಂದ ಯಾರಿಗೂ ಏನೂ ಆಗಲಿಲ್ಲ.

ನಾಲ್ಕನೇ ಸೂಜಿ ಹಾಕಿಸಬೇಕಾದ ದಿನ ಚೌಡಕ್ಕ ಕಾರ್ಡ್ ಹಿಡಿದುಕೊಂಡು ನಮ್ಮ ಮನೆಗೆ ಬಂದಳು. ಅಪ್ಪ ಬಾಗಿಲಲ್ಲೇ ನಿಂತು, "ನಮ್ಮನಿಗೆ ಬರಬ್ಯಾಡ ತಾಯಿ," ಎಂದ. ಮುಂದಿನ ಯುಗಾದಿಗೆ ಅಕ್ಕನನ್ನು ತವರಿಗೆ ಕಳಿಸಲಿಲ್ಲ. ಕಾರಹುಣ್ಣಿಮೆಗೂ ಕಳಿಸಲಿಲ್ಲ. ಆ ಹೊತ್ತಿಗೆ ಅವಳು ನಿಜವಾಗಿ ಹೊರಗಾಗುವುದು ನಿಂತಿತ್ತು. ಈ ಸಲ ಸೂಜಿಯಿಂದಲ್ಲ.

ಬಸಿರಿನ ಏಳನೇ ತಿಂಗಳಲ್ಲಿ, ನಾನು ಹೊನ್ನಾಳಿಯ ಹೊಳೆಯ ಆಚೆ ಮಷಿನ್ ಜೊತೆಯಲ್ಲಿದ್ದಾಗ, ಭಾವನ ಫೋನ್ ಬಂತು. ಮಾತಾಡಲಿಲ್ಲ, ಬರೀ ಉಸಿರು. ಎಲ್ಲಿ ಎಂದಷ್ಟೇ ಕೇಳಿದೆ. ಆಸ್ಪತ್ರೆಯ ಹೆಸರು ಹೇಳಿದ. ಮಧ್ಯಾಹ್ನದ ಬಿಸಿಲಲ್ಲಿ ಬೈಕ್ ಓಡಿಸಿಕೊಂಡು ಹೋದೆ. ದಾರಿಯುದ್ದಕ್ಕೂ ಅವಳು ಸತ್ತಿದ್ದಾಳೆ ಎಂದೇ ತಿಳಿದಿದ್ದೆ.

ಅಕ್ಕ ಸತ್ತಿರಲಿಲ್ಲ. ವಾರ್ಡಿನ ಕಿಟಕಿಯ ಪಕ್ಕದ ಮಂಚದ ಮೇಲೆ ಇದ್ದಳು. ಒಂದು ಕೈಗೆ ರಕ್ತ ಏರುತ್ತಿತ್ತು. ಮುಖ ಸುಣ್ಣ ಬಳಿದ ಗೋಡೆಯ ಹಾಗಿತ್ತು. ಮಗು ಹುಟ್ಟುವ ಮೊದಲೇ ಹೋಗಿತ್ತು. ಗಂಡು.

ಉಡಚಮ್ಮ ಮಂಚದ ಕೆಳಗೆ ನೆಲದಲ್ಲಿ ಕೂತು ಮೊಣಕಾಲು ಹಿಡಿದುಕೊಂಡು ಅಲುಗಾಡುತ್ತಿದ್ದಳು. ನನ್ನನ್ನು ನೋಡಿ, ಹಳೆಯ ಸಿಟ್ಟು ಮರೆತು, "ಗಂಡಿತ್ತು ಕಣಪ್ಪ," ಎಂದಳು. "ಮೂಗು ಥೇಟ್ ನನ್ನ ಮಗನದ್ದೇ. ಮೊದಲ ಸಲ ಗಂಡು ಹಿಡಿದಿತ್ತು. ಇನ್ನು ಹಿಡೀತೈತೆ ಬಿಡು. ಒಂದು ವರ್ಸ ಮೈ ಸುಧಾರಿಸ್ಕೊಳ್ಲಿ."

ಹೆಣ್ಣು ಹುಟ್ಟಿದ್ದರೂ ಇಷ್ಟು ಕೆಡುಕಾಗುತ್ತಿರಲಿಲ್ಲ. ಈ ಸತ್ತ ಗಂಡು ಅವರಿಗೆಲ್ಲ ಆಸೆ ಹುಟ್ಟಿಸಿ ಹೋಗಿತ್ತು.

ನರ್ಸ್ ಸಿದ್ದಲಿಂಗಮ್ಮ ರಕ್ತದ ಬಾಟಲಿ ನೋಡಲು ಬಂದರು. ವಯಸ್ಸಾದವರು, ಮುಚ್ಚುಮರೆ ಇಲ್ಲದ ಮಾತು. "ಯಾರ್ರೀ ಇವಳ ಗಂಡ," ಎಂದರು. ಭಾವ ಕೈ ಕಟ್ಟಿಕೊಂಡು ಮುಂದೆ ಬಂದ. "ಈಕೆ ಬದುಕಿರೋದೇ ಹೆಚ್ಚು. ಆಪರೇಷನ್ ಮಾಡಾಣ ಅಂದ್ರೆ ಈ ಮೈ ತಡೆಯಲ್ಲ, ಇನ್ನೂ ಎಷ್ಟು ತಿಂಗಳು ಬೇಕೋ. ಅಲ್ಲೀಗಂಟ ನೀವೇನು ಸುಮ್ನಿರೋ ಪೈಕಿ ಅಲ್ಲ. ನೀವೇ ಮಾಡಿಸ್ಕೊಳ್ರಿ. ಹೊಲಿಗೆ ಇಲ್ಲ ಏನಿಲ್ಲ, ಕಾಲು ಗಂಟೆ ಕೆಲಸ. ಎರಡು ದಿನ ಭಾರ ಎತ್ತಬಾರದು, ಮೂರು ತಿಂಗಳು ಜಾಗ್ರತೆ. ಆಮ್ಯಾಲೆ ನಿಶ್ಚಿಂತೆ."

"ನನ್ನ ಮಗನಿಗಾ," ಎಂದು ಉಡಚಮ್ಮ ಎದ್ದು ನಿಂತಳು.

ಭಾವ ನೆಲ ನೋಡಿದ. "ಮೂಟೆ ಹೊರೋ ಮೈ ಸಿಸ್ಟರ್. ಸೊಂಟದ ಶಕ್ತಿ ಹೋಗ್ತೈತೆ ಅಂತಾರೆ."

"ಯಾರು ಅಂತಾರೆ."

"ಎಲ್ಲಾರೂ ಅಂತಾರೆ."

ನಾನು ಅವನ ಅಂಗಿಯ ಕಾಲರ್ ಹಿಡಿದೆ. "ಅವಳು ವಂಕಿ ಹಾಕಿಸ್ಕೊಂಡ್ಲು, ಮಾತ್ರೆ ನುಂಗಿದ್ಲು, ಸೂಜಿ ಚುಚ್ಚಿಸ್ಕೊಂಡ್ಲು. ಏನೂ ಇಲ್ಲದೆ ಚಪ್ಪರದಾಗೆ ನಾಯಿ ಕುಂತಂಗೆ ಕುಂತ್ಲು. ಎರಡು ಸಲ ಸಾವಿನ ಬಾಗ್ಲಿಗೆ ಹೋಗಿ ಬಂದ್ಲು. ನಿನಗೆ ಕಾಲು ಗಂಟೆ ಆಗಲ್ವೇನೋ. ಗಂಡಸೇನೋ ನೀನು," ಎಂದೆ. ವಾರ್ಡಿನಲ್ಲಿದ್ದ ಹೆಂಗಸರು, ಅವರ ಜೊತೆ ಬಂದವರು, ಎಲ್ಲ ಎದ್ದು ಕೂತು ನೋಡುತ್ತಿದ್ದರು. ನನಗೆ ಅವರೆಲ್ಲ ನೋಡಬೇಕಾಗಿತ್ತು. ಭಾವ ಬಿಡಿಸಿಕೊಳ್ಳಲಿಲ್ಲ. ಕಾಲರ್ ನನ್ನ ಮುಷ್ಟಿಯಲ್ಲೇ ಇದ್ದ ಹಾಗೆ ಅವನ ಕಣ್ಣಲ್ಲಿ ನೀರು ಬಂತು.

"ಕೆಂಚ," ಎಂದಳು ಅಕ್ಕ.

ಅಷ್ಟು ಸಣ್ಣ ದನಿ, ಆದರೂ ಎಲ್ಲರಿಗೂ ಕೇಳಿಸಿತು. ನಾನು ಕಾಲರ್ ಬಿಟ್ಟೆ.

"ನೀನಾಗಿದ್ರೆ ಮಾಡಿಸ್ಕೊಂತಿದ್ದೆಯೇನೋ."

ಅವಳು ಚುಚ್ಚಲು ಕೇಳಿದ್ದಲ್ಲ. ಗಂಡನ ಪರ ವಹಿಸಿಯೂ ಕೇಳಿದ್ದಲ್ಲ. ಅವಳಿಗೆ ನಿಜವಾಗಿ ತಿಳಿಯಬೇಕಾಗಿತ್ತು. ಲೋಕದಲ್ಲಿ ಅಂಥ ಒಬ್ಬ ಗಂಡಸಾದರೂ ಇದ್ದಾನಾ, ಇದ್ದರೆ ತನ್ನ ಗಂಡನನ್ನೂ ಕೇಳಿನೋಡಬಹುದಾ ಎನ್ನುವ ಹಾಗೆ ನನ್ನನ್ನು ನೋಡುತ್ತಿದ್ದಳು. ನರ್ಸಮ್ಮ ನೋಡುತ್ತಿದ್ದರು. ಭಾವನೂ ತಲೆ ಎತ್ತಿ ನೋಡುತ್ತಿದ್ದ.

ಹೂಂ ಅಂದಿದ್ದರೆ ಸಾಕಿತ್ತು. ಅವಳಿಗಾಗಿ ನಾನು ಎಷ್ಟೊಂದು ಸುಳ್ಳು ಹೇಳಿದ್ದೆ, ಇನ್ನೊಂದು ಹೇಳಬಹುದಿತ್ತು. ಆದರೆ ಅದೇ ಸುಗ್ಗಿಯಲ್ಲಿ ಹೊನ್ನಾಳಿಯ ಕಣದಲ್ಲಿ ನಡೆದದ್ದು ಕಣ್ಣ ಮುಂದೆ ಬಂತು. ನಮ್ಮ ಮಷಿನ್ ಗುಂಪಿನ ರಂಗನಾಥ್ ಹೆಂಡತಿಯ ಬದಲು ತಾನೇ ಮಾಡಿಸಿಕೊಂಡಿದ್ದಾನೆ ಎಂಬ ಸುದ್ದಿ ಹೇಗೋ ಹೊರಬಿದ್ದಿತ್ತು. ಅವನು ಚೀಲ ಹೊತ್ತು ಬರುವಾಗ ಅದೇ ಗುಂಪಿನ ಸಿದ್ದು, "ಹೋರಿ ಹೋತು, ಎತ್ತು ಬಂತು," ಎಂದಿದ್ದ. ಎಲ್ಲರೂ ನಕ್ಕಿದ್ದರು. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು. ನಕ್ಕದ್ದು ಸಾಲದೆ ಟ್ರ್ಯಾಕ್ಟರಿನ ಹಿಂದೆ ಕಟ್ಟಿದ್ದ ಹಗ್ಗ ತಂದು ಅವನ ಕೊರಳಿಗೆ ಹಾಕಿದವನೂ ನಾನೇ. ರಂಗನಾಥ್ ಹಗ್ಗ ತೆಗೆದಿಟ್ಟು ಇನ್ನೊಂದು ಚೀಲ ಹೊರಲು ಹೋಗಿದ್ದ.

ಅಕ್ಕ ಇನ್ನೂ ಕಾಯುತ್ತಿದ್ದಳು.

ನಾನು ತಿರುಗಿ ಮಂಚಗಳ ನಡುವೆ ಬಾಗಿಲ ಕಡೆ ನಡೆದೆ. ಯಾರದೋ ಊಟದ ಡಬ್ಬಿ ಕಾಲಿಗೆ ತಾಗಿ ಉರುಳಿತು. ಎತ್ತಿಡಲು ಬಗ್ಗಲಿಲ್ಲ. ಹಿಂದಿನಿಂದ ಯಾರೂ ಕರೆಯಲಿಲ್ಲ.